ಒಂದೇ ಹೆಸರಿನ ಎರಡು ಬಾಗಿಲು

ನಮ್ಮ ತರಗತಿಯಲ್ಲಿ ಮೂವರು ಆಯೆಷಾ ಇದ್ದಾರೆ. ಹಾಜರಿ ತೆಗೆದುಕೊಳ್ಳುವಾಗ ಮೇಡಂ ಬರೀ "ಆಯೆಷಾ" ಎಂದರೆ ಮೂವರೂ ಒಟ್ಟಿಗೆ "ಪ್ರೆಸೆಂಟ್" ಅನ್ನುತ್ತಾರೆ. ಆಗ ಇಡೀ ಕ್ಲಾಸ್ ನಗುತ್ತದೆ. ಅದಕ್ಕೇ ರಿಜಿಸ್ಟರಿನಲ್ಲಿ ಒಬ್ಬಳಿಗೆ ಬಾನು, ಇನ್ನೊಬ್ಬಳಿಗೆ ಸಿದ್ದೀಖಾ, ಮತ್ತೊಬ್ಬಳಿಗೆ ಇನಿಷಿಯಲ್ ಸೇರಿಸಿ ಬರೆದಿದ್ದಾರೆ. ಹೆಸರಿನ ಜೊತೆಗೆ ಇನ್ನೊಂದು ಗುರುತು ಯಾಕೆ ಬೇಕು ಎಂಬುದು ನನಗೆ ನಿಜವಾಗಿ ಅರ್ಥವಾದದ್ದು ಕ್ಲಾಸಿನಲ್ಲಲ್ಲ. ಕಳೆದ ಬೇಸಿಗೆ ರಜೆಯಲ್ಲಿ, ಚಾಚಾ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ, ನಮ್ಮ ದಾದಿಯ ಮನೆಯ ಬಾಗಿಲು ನನ್ನ ಕೈಯಿಂದಲೇ ಕಳೆದುಹೋದಾಗ.

ನಮ್ಮ ಮನೆಯಲ್ಲಿ ಉರ್ದು ಮಾತು. ದಾದಿ ಎಂದರೆ ಅಬ್ಬಾರ ತಾಯಿ. ಅವರು ಹಳ್ಳಿಯಲ್ಲಿ ಹಳೆಯ ಮನೆಯಲ್ಲಿದ್ದರು. ಮಂಗಳೂರು ಹೆಂಚು, ಕಡಪ ಕಲ್ಲಿನ ನೆಲ, ಸುಣ್ಣಕ್ಕೆ ನೀಲಿ ಬೆರೆಸಿ ಬಳಿದ ಗೋಡೆ. ಗೋಡೆಯಲ್ಲಿ ದೀಪ ಇಡುವ ಗೂಡು ಇತ್ತು. ಅದಕ್ಕೆ ನಾವು ತಾಖ್ ಅನ್ನುತ್ತೇವೆ. ಮುಂದಿನ ಬಾಗಿಲು ಎರಡು ಕದದ್ದು, ಹಸಿರು ಬಣ್ಣ. ಅಲ್ಲಲ್ಲಿ ಹಸಿರು ಎದ್ದುಹೋಗಿ ಒಳಗಿನ ನೀಲಿ ಕಾಣುತ್ತಿತ್ತು. ಮಳೆಗಾಲದಲ್ಲಿ ಮನೆ ಸೋರುತ್ತಿತ್ತು. ದಾದಿಗೆ ಒಬ್ಬರೇ ಇರಲು ಆಗುತ್ತಿರಲಿಲ್ಲ. ಅಬ್ಬಾ, ಚಾಚಾ ಇಬ್ಬರೂ ಕೂತು ಮಾತಾಡಿ ಆ ಜಾಗ ಮಾರಿದರು. ಇದರಲ್ಲಿ ಯಾರ ತಪ್ಪೂ ಇಲ್ಲ. ಏಪ್ರಿಲ್‌ನಲ್ಲಿ ಸಾಮಾನು ತರಲು ಹೋದಾಗ ನಾನು ಅಬ್ಬಾರ ಫೋನಿನಲ್ಲಿ ಮನೆಯ ಮೂಲೆಮೂಲೆಯ ಫೋಟೋ ತೆಗೆದೆ. ಮೇ ತಿಂಗಳಲ್ಲಿ ಮನೆ ಕೆಡವಿದರು.

ದಾದಿ ಈಗ ನಮ್ಮ ಜೊತೆ ಇದ್ದಾರೆ. ರಾತ್ರಿ ಎಚ್ಚರವಾದರೆ ಎದ್ದು ಬೀರುವಿನ ಕಡೆಗೆ ನಡೆಯುತ್ತಾರೆ. ಹಳೆಯ ಮನೆಯಲ್ಲಿ ಆ ಕಡೆ ಬಾಗಿಲು ಇತ್ತು. ಒಂದು ರಾತ್ರಿ ಅವರು ಬೀರುವಿನ ಮುಂದೆ ನಿಂತು ಕೈಯಾಡಿಸುತ್ತಿದ್ದುದನ್ನು ನೋಡಿದೆ. ಆಗಲೇ ನನಗೆ ಆ ಮನೆಯನ್ನು ಆಟದಲ್ಲಿ ಕಟ್ಟಬೇಕು ಅನ್ನಿಸಿದ್ದು.

ಆಟದ ಹೆಸರು ಲುವಾಂಟಿ. 2010ರಲ್ಲಿ ಫಿನ್ಲೆಂಡಿನ ಪೆರ್ಟು ಅಹೋಲಾ ಎಂಬವರು ಇದನ್ನು ಶುರು ಮಾಡಿದಾಗ ಹೆಸರು ಮೈನ್‌ಟೆಸ್ಟ್ ಎಂದಿತ್ತು. ಆ ಹೆಸರು ಕೇಳಿದವರಿಗೆ ಮೈನ್‌ಕ್ರಾಫ್ಟ್‌ನ ನೆನಪೇ ಬರುತ್ತಿತ್ತು. 2024ರ ಅಕ್ಟೋಬರ್‌ನಲ್ಲಿ ಹೆಸರು ಬದಲಾಯಿಸಿದರು. ಇದು ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನಮ್ಮಂಥವರಿಗೆ ಅದೇ ದೊಡ್ಡದು. ಇದರಲ್ಲಿ ಜಗತ್ತೆಲ್ಲ ಬ್ಲಾಕುಗಳಿಂದ ಆದದ್ದು. ಪ್ರತಿ ಬ್ಲಾಕಿನ ಮೈಮೇಲೆ ಒಂದು ಚಿತ್ರ ಅಂಟಿಸಿರುತ್ತದೆ, ಗೋಡೆಗೆ ಟೈಲ್ಸ್ ಹಾಕಿದ ಹಾಗೆ. ಅದಕ್ಕೆ ಟೆಕ್ಸ್ಚರ್ ಎನ್ನುತ್ತಾರೆ. ಸಾಮಾನ್ಯವಾಗಿ ಬಳಸುವ ಮೈನ್‌ಟೆಸ್ಟ್ ಗೇಮ್‌ನಲ್ಲಿ ಬ್ಲಾಕುಗಳ ಟೆಕ್ಸ್ಚರ್ ಅಡ್ಡ 16, ಉದ್ದ 16 ಚುಕ್ಕಿ, ಅಂದರೆ ಬರೀ 256 ಚುಕ್ಕಿಯ ಚಿತ್ರ. ನಮ್ಮದೇ ಚಿತ್ರ ಬೇಕಾದರೆ ದೊಡ್ಡದೂ ಮಾಡಬಹುದು. ನಾನು 64ಕ್ಕೆ 64 ಮಾಡಿದೆ.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಫೋಟೋದಲ್ಲಿ ಗೋಡೆಯ ಒಂದು ಚೌಕ ಕತ್ತರಿಸಬೇಕು. ಗಿಂಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಅದನ್ನು ಚಿಕ್ಕದು ಮಾಡಿ, ಪಕ್ಕಪಕ್ಕ ಜೋಡಿಸಿದಾಗ ಗೆರೆ ಕಾಣದ ಹಾಗೆ ಅಂಚು ಸರಿಮಾಡಿ, ಪಿಎನ್‌ಜಿ ಫೈಲಾಗಿ ಉಳಿಸಬೇಕು. ಒಂದು ಗೋಡೆಗೆ ನನಗೆ ಎರಡು ದಿನ ಹಿಡಿಯಿತು. ಬಾಗಿಲಿಗೆ ಐದು ದಿನ. ಫೈಲುಗಳಿಗೆ ಹೆಸರಿಡುವಾಗ ಮಾತ್ರ ಒಂದು ನಿಮಿಷವೂ ಯೋಚಿಸಲಿಲ್ಲ. ಗೋಡೆಗೆ ವಾಲ್, ಬಾಗಿಲಿಗೆ ಡೋರ್, ಹೆಂಚಿಗೆ ರೂಫ್. ನೆಲದ ಕಲ್ಲಿಗೆ ಕನ್ನಡದ ಕಲ್ಲು ಎಂದು ಇಡಲು ಹೋಗಿ, ಸೋಮಾರಿತನದಿಂದ ಕಲ್ ಎಂದು ನಿಲ್ಲಿಸಿದೆ. (ಇಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರಗಳು.)

ಒಂದು ಸಂಜೆ ನನ್ನ ತಮ್ಮ ಓಡಿಬಂದ. ಅವನು ಎಂಟನೇ ಕ್ಲಾಸ್.

"ಆಪಾ, ಬಾ ನೋಡು, ನಿನ್ನ ಮನೆಗೆ ಸೋಫಾ ಹಾಕಿದೀನಿ!"

ನೋಡಿದೆ. ಸೋಫಾ ಇತ್ತು. ಆದರೆ ಅದರ ಹಿಂದೆ ದಾದಿಯ ನೀಲಿ ಗೋಡೆ ಇರಲಿಲ್ಲ. ಕೆಂಪು ಇಟ್ಟಿಗೆಯ ಗೋಡೆ ಇತ್ತು. ಹಸಿರು ಬಾಗಿಲಿನ ಜಾಗದಲ್ಲಿ ಗಾಜಿನ ಬಾಗಿಲು, ಆಫೀಸಿನಲ್ಲಿ ಇರುತ್ತದಲ್ಲ, ಹಾಗೆ. ಅವನು ಎಲ್ಲಿಂದಲೋ ಇಳಿಸಿಕೊಂಡ ಪೀಠೋಪಕರಣದ ಚಿತ್ರಗಳನ್ನೆಲ್ಲ ನನ್ನ ಫೋಲ್ಡರಿಗೆ ಸುರಿದಿದ್ದ. ಅದರಲ್ಲೂ ವಾಲ್ ಇತ್ತು, ಡೋರ್ ಇತ್ತು, ರೂಫ್ ಇತ್ತು.

"ಕಂಪ್ಯೂಟರ್ ಏನೂ ಕೇಳಲಿಲ್ವಾ?" ಎಂದೆ.

"ಕೇಳ್ತು. ಇದೇ ಹೆಸರಿನದ್ದು ಇದೆ, ಬದಲಾಯಿಸಲಾ ಅಂತ. ಹೂಂ ಅಂದೆ."

"ಕಲ್ ಎಲ್ಲಿ?"

"ಅದು ನಿನ್ನೆಯದ್ದು ತಾನೇ? ಹಳೆಯದು ಯಾಕೆ ಅಂತ ಡಿಲೀಟ್ ಮಾಡಿದೆ."

ಉರ್ದುವಿನಲ್ಲಿ ಕಲ್ ಎಂದರೆ ನಿನ್ನೆ. ನಾನು ಕನ್ನಡದಲ್ಲಿ ಕಲ್ಲು ಎಂದು ಬರೆದದ್ದನ್ನು ಅವನು ಉರ್ದುವಿನಲ್ಲಿ ನಿನ್ನೆ ಎಂದು ಓದಿದ್ದ. ಈಗ ನೆನೆದರೆ ನಗು ಬರುತ್ತದೆ. ಆ ದಿನ ಬರಲಿಲ್ಲ.

ಇಲ್ಲಿ ಒಂದು ವಿಷಯ ಎಲ್ಲರೂ ತಿಳಿದುಕೊಳ್ಳಬೇಕು. ಅವನು ಡಿಲೀಟ್ ಮಾಡಿದ ಕಲ್ಲು ಸಿಕ್ಕಿತು. ಡಿಲೀಟ್ ಆದದ್ದು ರೀಸೈಕಲ್ ಬಿನ್‌ನಲ್ಲಿ ಇರುತ್ತದೆ, ಅಲ್ಲಿಂದ ವಾಪಸ್ ತಂದೆ. ಆದರೆ ಒಂದು ಫೈಲಿನ ಮೇಲೆ ಅದೇ ಹೆಸರಿನ ಇನ್ನೊಂದು ಫೈಲು ಬಂದು ಕೂತರೆ ಹಳೆಯದು ಬಿನ್‌ಗೆ ಹೋಗುವುದಿಲ್ಲ. ಹೋಯಿತು ಎಂದರೆ ಹೋಯಿತು. ಎಸೆದದ್ದು ಸಿಕ್ಕಿತು, ಬದಲಾಯಿಸಿದ್ದು ಸಿಗಲಿಲ್ಲ. ಮೂಲ ಫೋಟೋಗಳೂ ಇರಲಿಲ್ಲ. ಅಬ್ಬಾರ ಫೋನಿನಲ್ಲಿ ಜಾಗ ಇಲ್ಲವೆಂದು, ಟೆಕ್ಸ್ಚರ್ ಆಯಿತಲ್ಲ ಎಂದು, ನಾನೇ ಅಳಿಸಿದ್ದೆ. ಮನೆಯೂ ಇರಲಿಲ್ಲ. ಬಾಗಿಲನ್ನು ಹಳೆಯ ಮರದ ಲೆಕ್ಕದಲ್ಲಿ ಯಾರೋ ಕೊಂಡುಹೋಗಿದ್ದರು.

ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಮೂರು ದಿನ ಮಾತು ಬಿಟ್ಟೆ. ಅವನು ಅತ್ತ. ಅಮ್ಮಿ ನನಗೇ ಬೈದರು.

ಮೂರನೇ ದಿನ ಅಬ್ಬಾ ಅಂಗಡಿಯಿಂದ ಬಂದು ಪಕ್ಕದಲ್ಲಿ ಕೂತರು. ಅವರದ್ದು ಸಣ್ಣ ಹಾರ್ಡ್‌ವೇರ್ ಅಂಗಡಿ. ಕಂಪ್ಯೂಟರ್ ಗೇಮ್ ಅವರಿಗೆ ಗೊತ್ತಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಟಾ, ಇದು ಬಾಷಾನ ಲೆಕ್ಕದ ಹಾಗೆ ಆಯ್ತು" ಎಂದರು.

ಅಬ್ಬಾರ ಉದ್ರಿ ಪುಸ್ತಕದಲ್ಲಿ ಇಬ್ಬರು ಬಾಷಾ ಇದ್ದರು. ಒಬ್ಬರು ಪೇಂಟಿಂಗ್ ಕೆಲಸದವರು, ಇನ್ನೊಬ್ಬರು ಪ್ಲಂಬರ್. ಒಮ್ಮೆ ಪ್ಲಂಬರ್ ತೆಗೆದುಕೊಂಡ 2,400 ರೂಪಾಯಿಯ ಪೈಪಿನ ಲೆಕ್ಕವನ್ನು ಪೇಂಟರ್ ಹೆಸರಿಗೆ ಬರೆದುಬಿಟ್ಟರು. ತಿಂಗಳ ಕೊನೆಗೆ ಪೇಂಟರ್ ಬಾಷಾ ಅವರನ್ನು ದುಡ್ಡು ಕೇಳಿದರು. ಅವರು "ನಾನು ಪೈಪ್ ಯಾವಾಗ ತಗೊಂಡೆ?" ಎಂದು ಬೇಜಾರಾಗಿ ಎರಡು ತಿಂಗಳು ಅಂಗಡಿಗೇ ಬರಲಿಲ್ಲ. ಇಪ್ಪತ್ತು ವರ್ಷದ ಗಿರಾಕಿ. ಕೊನೆಗೆ ಅಬ್ಬಾನೇ ಅವರ ಮನೆಗೆ ಹೋಗಿ ಮಾಫಿ ಕೇಳಿ ಬಂದರು. ಅಂದಿನಿಂದ ಪುಸ್ತಕದಲ್ಲಿ ಬರೀ ಬಾಷಾ ಎಂದು ಬರೆಯುವುದಿಲ್ಲ. ಪೇಂಟರ್ ಬಾಷಾ, ಪ್ಲಂಬರ್ ಬಾಷಾ.

"ತಪ್ಪು ಬಾಷಾರದ್ದಾ? ಇಬ್ಬರಿಗೂ ಅವರ ಹೆಸರು ಅವರ ತಾಯಿ ತಂದೆ ಇಟ್ಟದ್ದು. ಪುಸ್ತಕ ನನ್ನದು. ಗುರುತು ಹಾಕಬೇಕಾದವನು ನಾನು" ಎಂದರು ಅಬ್ಬಾ.

ಕಾಮರ್ಸ್ ಗೆಳೆಯರಿಗೆ ಇದು ಗೊತ್ತಿರುವ ಪಾಠವೇ. ಮೊದಲ ಪಿಯುಸಿ ಅಕೌಂಟೆನ್ಸಿಯಲ್ಲಿ ಓದಿದ್ದೇವೆ: ಒಬ್ಬರ ಖಾತೆಗೆ ಬರೆಯಬೇಕಾದ ಡೆಬಿಟ್ಟನ್ನು ಇನ್ನೊಬ್ಬರ ಖಾತೆಗೆ ಡೆಬಿಟ್ ಮಾಡಿದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ. ಎರಡು ಕಡೆಯ ಮೊತ್ತ ಸರಿ ಇರುತ್ತದೆ, ತಪ್ಪು ಮಾತ್ರ ಒಳಗೇ ಇರುತ್ತದೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿ ಅಂಕವನ್ನೂ ತೆಗೆದುಕೊಂಡಿದ್ದೆ. ನನ್ನ ಫೋಲ್ಡರಿನಲ್ಲಿ ಅದೇ ತಪ್ಪು ಇದ್ದದ್ದು ಮಾತ್ರ ನನಗೆ ಕಾಣಲಿಲ್ಲ.

ಆ ರಾತ್ರಿ ತಮ್ಮನ ಹತ್ತಿರ ಹೋಗಿ ಮಾತಾಡಿದೆ. ತಪ್ಪು ಅರ್ಧ ನನ್ನದು ಎಂದೆ. ಅವನು "ಮುಕ್ಕಾಲು" ಎಂದ. ಒಪ್ಪಿಕೊಂಡೆ.

ಕೆಲಸ ಮತ್ತೆ ಶುರು ಮಾಡುವ ಮೊದಲು ಇಬ್ಬರ ಫೋಲ್ಡರನ್ನೂ ಬೇರೆ ಮಾಡಿದೆ. ನಾವೇ ಮಾಡಿ ಸೇರಿಸುವ ಇಂಥ ಭಾಗಗಳಿಗೆ ಮಾಡ್ ಎನ್ನುತ್ತಾರೆ. ನನಗೊಂದು ಮಾಡ್, ಅವನಿಗೊಂದು ಮಾಡ್, ಒಂದೊಂದರೊಳಗೂ ಅದರದ್ದೇ ಟೆಕ್ಸ್ಚರ್ ಫೋಲ್ಡರ್. ಇನ್ನು ಜಗಳವಿಲ್ಲ ಎಂದುಕೊಂಡೆ. ಗೋಡೆಯನ್ನು ಒಂದು ಮಟ್ಟಕ್ಕೆ ಹೊಸದಾಗಿ ಮಾಡಿ, ಮತ್ತೆ ವಾಲ್ ಎಂದೇ ಹೆಸರಿಟ್ಟು, ಆಟ ತೆರೆದೆ. ಮತ್ತೆ ಇಟ್ಟಿಗೆಯ ಗೋಡೆ!

ಈ ಸಲ ಏನೂ ಅಳಿಸಿರಲಿಲ್ಲ. ಫೋಲ್ಡರಿನಲ್ಲಿ ನನ್ನ ಗೋಡೆ ಇತ್ತು. ಆದರೆ ಲುವಾಂಟಿ ಶುರುವಾಗುವಾಗ ಎಲ್ಲ ಮಾಡ್‌ಗಳ ಚಿತ್ರಗಳನ್ನೂ ಒಂದೇ ರಾಶಿಗೆ ಸೇರಿಸುತ್ತದೆ. ಯಾವ ಫೋಲ್ಡರಿನಿಂದ ಬಂತು ಎಂದು ನೋಡುವುದಿಲ್ಲ, ಫೈಲಿನ ಹೆಸರು ಮಾತ್ರ ನೋಡುತ್ತದೆ. ಒಂದೇ ಹೆಸರಿನ ಎರಡು ಇದ್ದರೆ ಒಂದನ್ನು ಇಟ್ಟುಕೊಳ್ಳುತ್ತದೆ, ಇನ್ನೊಂದನ್ನು ಬಿಡುತ್ತದೆ. ಆಟ ನಿಲ್ಲುವುದಿಲ್ಲ. ತಾಳೆಯಾದ ಟ್ರಯಲ್ ಬ್ಯಾಲೆನ್ಸ್ ಹಾಗೆ ಎಲ್ಲ ಸರಿಯಾಗಿರುವಂತೆಯೇ ಓಡುತ್ತದೆ.

ಆಗ ಬೇರೆಯವರು ಹೇಗೆ ಹೆಸರಿಟ್ಟಿದ್ದಾರೆ ಎಂದು ಆಟದ ಫೋಲ್ಡರುಗಳನ್ನೇ ತೆರೆದು ನೋಡಿದೆ. ಮೈನ್‌ಟೆಸ್ಟ್ ಗೇಮ್‌ನಲ್ಲಿ ಕಲ್ಲಿನ ಚಿತ್ರಕ್ಕೆ ಬರೀ ಸ್ಟೋನ್ ಎಂದಿಲ್ಲ, ಡಿಫಾಲ್ಟ್_ಸ್ಟೋನ್ ಎಂದಿದೆ. ಅದು ಡಿಫಾಲ್ಟ್ ಎಂಬ ಮಾಡ್‌ಗೆ ಸೇರಿದ್ದು. ಮರದ ಬಾಗಿಲಿಗೆ ಡೋರ್ಸ್_ಡೋರ್_ವುಡ್. ಅದು ಡೋರ್ಸ್ ಎಂಬ ಮಾಡ್‌ನದ್ದು. ಮೊದಲು ಮಾಡ್‌ನ ಹೆಸರು, ಆಮೇಲೆ ಅಡಿಗೆರೆ, ಆಮೇಲೆ ವಸ್ತುವಿನ ಹೆಸರು. ಪೇಂಟರ್ ಬಾಷಾ, ಪ್ಲಂಬರ್ ಬಾಷಾ. ಅಬ್ಬಾ ಹೇಳಿದ್ದು ಇದನ್ನೇ! ಬ್ಲಾಕಿನ ಹೆಸರಿಗೆ ಮಾಡ್‌ನ ಹೆಸರು ಮೊದಲು ಬರಬೇಕು ಎಂದು ಆಟವೇ ಹಟ ಹಿಡಿಯುತ್ತದೆ. ಚಿತ್ರದ ಫೈಲಿಗೆ ಹಟ ಹಿಡಿಯುವುದಿಲ್ಲ. ಅದನ್ನು ನಮ್ಮ ಶಿಸ್ತಿಗೆ ಬಿಟ್ಟಿದೆ.

ನನ್ನ ಮಾಡ್‌ಗೆ ದಾದಿಘರ್ ಎಂದು ಹೆಸರಿಟ್ಟೆ. ಅಲ್ಲಿಂದ ಮುಂದೆ ದಾದಿಘರ್_ದೀವಾರ್, ದಾದಿಘರ್_ತಾಖ್, ದಾದಿಘರ್_ಕಡಪ. ಕಲ್ ಎಂಬ ಹೆಸರನ್ನು ಮಾತ್ರ ಮತ್ತೆ ಇಡಲಿಲ್ಲ. ಹೆಸರು ಬದಲಾಯಿಸಿದರೆ ಬ್ಲಾಕಿನ ವಿವರ ಬರೆದಿರುವ ಲುವಾ ಫೈಲಿನಲ್ಲೂ ಆ ಸಾಲು ಬದಲಾಯಿಸಬೇಕು, ಅಷ್ಟೇ. ಆದರೆ ಬ್ಲಾಕಿನ ಹೆಸರನ್ನು ಮನೆ ಕಟ್ಟಿದ ಮೇಲೆ ಬದಲಾಯಿಸಬೇಡಿ. ಕಟ್ಟಿದ ಬ್ಲಾಕುಗಳನ್ನು ಆಟ ಗುರುತಿಸುವುದಿಲ್ಲ. ಅದನ್ನು ಮೊದಲೇ ಯೋಚಿಸಿ ಇಡಬೇಕು.

ಹೀಗೆ ಬಿದ್ದು ಎದ್ದು ಕಲಿತ ಇನ್ನೂ ಕೆಲವು ಮಾತುಗಳಿವೆ. ನಮ್ಮ ಕಾಲೇಜಿನಲ್ಲಿ ಆಟದ ಚಿತ್ರ ಮಾಡುವವರು ಇನ್ನೂ ನಾಲ್ಕೈದು ಜನ ಇದ್ದಾರೆಂದು ಗೊತ್ತು. ಅವರಿಗಾಗಿ ಬರೆಯುತ್ತಿದ್ದೇನೆ.

ಹೆಸರಿನಲ್ಲಿ ಖಾಲಿ ಜಾಗ ಬಿಡಬೇಡಿ. ಒಂದೇ ಹೆಸರಿನ ಫೈಲು ಬಂದಾಗ ವಿಂಡೋಸ್‌ನಲ್ಲಿ ಎರಡನ್ನೂ ಇಟ್ಟುಕೋ ಎಂದರೆ, ಎರಡನೆಯದರ ಹೆಸರಿನ ಕೊನೆಗೆ ಕಂಸದಲ್ಲಿ 2 ಎಂದು ಸೇರಿಸುತ್ತದೆ. ಫೈಲು ಉಳಿಯುತ್ತದೆ, ಆದರೆ ಲುವಾಂಟಿ ಅದನ್ನು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಖಾಲಿ ಜಾಗವೂ ಕಂಸವೂ ಅದಕ್ಕೆ ಆಗದು. ಉರ್ದು, ಕನ್ನಡ ಅಕ್ಷರವೂ ಆಗದು. ನಾನು ಆಸೆಯಿಂದ ಒಂದಕ್ಕೆ ಕನ್ನಡದಲ್ಲೇ ಹೆಸರಿಟ್ಟಿದ್ದೆ, ಆಟ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಎಲ್ಲ ಸಣ್ಣ ಅಕ್ಷರದಲ್ಲೇ ಬರೆಯಿರಿ. ವಿಂಡೋಸ್‌ಗೆ ದೊಡ್ಡ ಡಿ, ಸಣ್ಣ ಡಿ ಎರಡೂ ಒಂದೇ. ಲಿನಕ್ಸ್‌ಗೆ ಬೇರೆ ಬೇರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕಂಡದ್ದು ಗೆಳತಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಕಾಣದಿರಬಹುದು.

ವಿಂಡೋಸ್ ಫೈಲಿನ ಕೊನೆಯ ಪಿಎನ್‌ಜಿ ಎಂಬ ಭಾಗವನ್ನು ಸಾಮಾನ್ಯವಾಗಿ ಮುಚ್ಚಿಡುತ್ತದೆ. ಇಲ್ಲವೆಂದುಕೊಂಡು ನಾವು ಮತ್ತೆ ಬರೆದರೆ ಅದು ಎರಡು ಸಲ ಆಗುತ್ತದೆ. ಆ ಭಾಗ ಕಾಣುವ ಹಾಗೆ ಸೆಟ್ಟಿಂಗ್ ಬದಲಾಯಿಸಿಕೊಳ್ಳಿ.

ನ್ಯೂ, ನ್ಯೂ2, ಫೈನಲ್, ಫೈನಲ್ ಫೈನಲ್ ಎಂದು ಇಡಬೇಡಿ. ಒಂದು ವಾರ ಬಿಟ್ಟರೆ ಯಾವ ಫೈನಲ್ ನಿಜವಾದ ಫೈನಲ್ ಎಂದು ನಿಮಗೇ ತಿಳಿಯುವುದಿಲ್ಲ. ಹಳೆಯದನ್ನು ಇಡಬೇಕಾದರೆ ತಾರೀಖು ಹಾಕಿ.

ಮೂಲ ಫೋಟೋ ಒಂದು ಕಡೆ, ಗಿಂಪ್‌ನಲ್ಲಿ ಕೆಲಸ ಮಾಡುವ ಫೈಲು ಇನ್ನೊಂದು ಕಡೆ, ಆಟಕ್ಕೆ ಹಾಕುವ ಪಿಎನ್‌ಜಿ ಮತ್ತೊಂದು ಕಡೆ ಇರಲಿ. ಒಂದು ಪೆನ್‌ಡ್ರೈವ್‌ನಲ್ಲಿ ಎಲ್ಲದರ ನಕಲೂ ಇರಲಿ. ನಾನು ಅಬ್ಬಾರ ಸ್ಟಾಕ್ ರಿಜಿಸ್ಟರಿನ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಿದ್ದೇನೆ: ಫೈಲಿನ ಹೆಸರು, ಯಾವುದರ ಚಿತ್ರ, ಯಾವ ದಿನ ಮಾಡಿದ್ದು. ಹೊಸ ಹೆಸರು ಇಡುವ ಮೊದಲು ಅದರಲ್ಲಿ ನೋಡುತ್ತೇನೆ.

ಒಂದು ಕಡೆ ಮಾತ್ರ ಇದೆಲ್ಲ ತಲೆಕೆಳಗು. ಆಟದಲ್ಲಿ ಮೊದಲೇ ಇರುವ ಕಲ್ಲನ್ನು, ಮರವನ್ನು ನಮಗೆ ಬೇಕಾದ ಹಾಗೆ ಕಾಣಿಸಬೇಕಾದರೆ ಟೆಕ್ಸ್ಚರ್ ಪ್ಯಾಕ್ ಮಾಡುತ್ತೇವೆ. ಅಲ್ಲಿ ಹಳೆಯ ಹೆಸರನ್ನೇ ಒಂದಕ್ಷರ ಬಿಡದೆ ಇಡಬೇಕು. ಡಿಫಾಲ್ಟ್_ಸ್ಟೋನ್ ಎಂದೇ ಹೆಸರಿಟ್ಟರೆ ಮಾತ್ರ ನಮ್ಮ ಕಲ್ಲು ಅದರ ಜಾಗದಲ್ಲಿ ಕಾಣುತ್ತದೆ. ಒಂದೇ ಹೆಸರು ಎಂಬುದು ಬೇಕೆಂದು ಮಾಡಿದರೆ ಉಪಾಯ, ಗೊತ್ತಿಲ್ಲದೆ ಆದರೆ ನಷ್ಟ.

ಇನ್ನು ಬಾಗಿಲಿನ ಮಾತು. ಗೋಡೆ, ಹೆಂಚು ಹೇಗೋ ಆಯಿತು. ನೀಲಿ ಸುಣ್ಣದ ಗೋಡೆ, ಮಂಗಳೂರು ಹೆಂಚು ನಮ್ಮ ಓಣಿಯಲ್ಲೂ ಇವೆ. ಬಾಗಿಲು ಎಲ್ಲಿಂದ ತರಲಿ? ಅಮ್ಮಿ ಫೂಫಿಯ ಮದುವೆಯ ಆಲ್ಬಂ ತೆಗೆದುಕೊಟ್ಟರು. ಒಂದು ಫೋಟೋದಲ್ಲಿ ನೆಂಟರ ಹಿಂದೆ ಬಾಗಿಲಿನ ಒಂದು ಕದ ಕಾಣುತ್ತಿತ್ತು. ಆದರೆ ಅದು ನೀಲಿ ಬಾಗಿಲು. ಇದು ಬೇರೆ ಯಾರದೋ ಮನೆ ಎಂದುಕೊಂಡು ದಾದಿಗೆ ತೋರಿಸಿದೆ.

ದಾದಿ ಕನ್ನಡಕ ಹಾಕಿಕೊಂಡು ನೋಡಿದರು. "ಇದೇ. ಮೊದಲು ನೀಲಿ ಇತ್ತು. ನಿನ್ನ ಚಾಚಾನ ಮದುವೆಗೆ ಹಸಿರು ಹೊಡೆಸಿದ್ದು" ಎಂದರು. ಹಸಿರಿನ ಕೆಳಗೆ ನೀಲಿ ಯಾಕೆ ಕಾಣುತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು. ಚಿತ್ರ ಕಳೆಯದಿದ್ದರೆ ನಾನು ಇದನ್ನು ಕೇಳುತ್ತಲೇ ಇರಲಿಲ್ಲ.

ಆಮೇಲೆ ಎರಡು ವಾರ ದಾದಿ ನನ್ನ ಪಕ್ಕದಲ್ಲೇ ಕೂತರು. ಕಬ್ಬಿಣದ ಮೊಳೆ ಎಷ್ಟು ಸಾಲು, ಸರಪಳಿ ಯಾವ ಕಡೆ, ಬಿರುಕು ಎಲ್ಲಿ. "ಅಲ್ಲಿ ಅಲ್ಲ, ಇನ್ನೂ ಕೆಳಗೆ. ನಿನ್ನ ಅಬ್ಬಾ ಚಿಕ್ಕವನಿದ್ದಾಗ ಕಲ್ಲಿನಿಂದ ಕುಟ್ಟಿದ್ದು" ಎನ್ನುವರು. ಅಬ್ಬಾ ಆ ಕಡೆಯಿಂದ ಕೇಳಿಸದವರ ಹಾಗೆ ಇರುವರು. ತಮ್ಮ ಮೊಳೆಗಳ ಚುಕ್ಕಿ ಇಟ್ಟ. ನೀಲಿಯದ್ದು ಒಂದು, ಹಸಿರಿನದ್ದು ಒಂದು ಮಾಡಿದೆವು. ಯಾವುದನ್ನು ಇಡಲಿ ಎಂದು ಕೇಳಿದರೆ ದಾದಿ, "ಎರಡೂ ನನ್ನದೇ, ಎರಡೂ ಇರಲಿ" ಎಂದರು. ಹಾಗಾಗಿ ದಾದಿಘರ್_ದರ್ವಾಜಾ_ನೀಲಾ, ದಾದಿಘರ್_ದರ್ವಾಜಾ_ಹರಾ.

ಮನೆ ಮುಗಿದ ದಿನ ದಾದಿಯನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಅಂಗಳ ದಾಟಿಸಿ ಹಸಿರು ಬಾಗಿಲಿನ ಮುಂದೆ ನಿಲ್ಲಿಸಿದೆ. ಅವರು ತುಂಬ ಹೊತ್ತು ನೋಡಿದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟು, "ತೆಗೆ" ಎಂದರು.

"ಇದು ತೆರೆಯೋದಿಲ್ಲ ದಾದಿ, ಬರೀ ಬ್ಲಾಕ್."

"ತೆರೆಯದಿದ್ದರೆ ಬಾಗಿಲು ಹೇಗಾಗುತ್ತೆ?"

ಅವರು ಹೇಳಿದ್ದು ಸರಿ. ತೆರೆಯುವ ಬಾಗಿಲಿಗೆ ಬೇರೆ ಅಳತೆಯ ಚಿತ್ರ ಬೇಕು, ಬೇರೆ ಸಾಲು ಬರೆಯಬೇಕು. ಈಗ ಭಾನುವಾರಗಳಲ್ಲಿ ಅದನ್ನೇ ಕಲಿಯುತ್ತಿದ್ದೇನೆ. ಚಿತ್ರ ಇನ್ನೂ ಆಗಿಲ್ಲ. ಅದರ ಹೆಸರನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಆಗಲೇ ಬರೆದಿಟ್ಟಿದ್ದೇನೆ, ಮೊದಲ ಎರಡರ ಹೆಸರಿಗೆ ತಾಗದ ಹಾಗೆ.